ಚೌಡದಾನಪುರಕ್ಕೆ ಶಿವದೇವ ಬಂದ ದಿನ

ಹಾವೇರಿ ಮೂಲದ ವಸುಂಧರಾ ಕವಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಶಾಸನಶಾಸ್ತ್ರ ಓದಿ ಪ್ಯಾರಿಸ್ಸಿಗೆ ಹೋದರು. ಸೊರ್ಬಾನ್‌ನಲ್ಲಿ ಡಾಕ್ಟರೇಟ್ ಪಡೆದು, ಸಂಸ್ಕೃತ ವಿದ್ವಾಂಸ ಪಿಯರ್ ಸಿಲ್ವೆಂ ಫಿಲಿಯೋಜಾ ಅವರ ಕೈಹಿಡಿದು, ವಸುಂಧರಾ ಫಿಲಿಯೋಜಾ ಆದರು. ವಿಜಯನಗರದ ಆರಂಭದಿಂದ 1377ರವರೆಗಿನ, ಅಂದರೆ ಬುಕ್ಕರಾಯ ತೀರಿಕೊಳ್ಳುವವರೆಗಿನ, ಶಾಸನಗಳ ಬಗ್ಗೆ ಅವರು ಬರೆದ ಫ್ರೆಂಚ್ ಗ್ರಂಥ 1973ರಲ್ಲಿ ಅಚ್ಚಾಯಿತು. ಹಂಪಿಯ ವಿಠ್ಠಲ ಗುಡಿಯ ಮೇಲೆ ಗಂಡಹೆಂಡತಿ ಸೇರಿ ಬರೆದದ್ದು 1988ರಲ್ಲಿ.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಅವರು ತವರಿನ ಕಡೆಯೇ ಮಾಡಿದ ಕೆಲಸ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಗೆ ಮುಕ್ತೇಶ್ವರನ ಗುಡಿಯಿದೆ. ಒಂದೇ ಗರ್ಭಗುಡಿ, ಕೆತ್ತನೆ ಮಾತ್ರ ಮೈತುಂಬ. ಅದೇನು ಯಾರಿಗೂ ತಿಳಿಯದ ಗುಡಿಯಲ್ಲ. ಶಾಸನ ವಿದ್ವಾಂಸ ಫ್ಲೀಟ್ ಸಾಹೇಬರು ಈ ಸೀಮೆಯನ್ನಾಳಿದ ಗುತ್ತಲದ ಗುತ್ತ ಅರಸರ ಬಗ್ಗೆ ಬರೆದಿದ್ದರು. ಆ ಅರಸರೋ ಸಾಮಂತರು, ಬಿರುದಿಗೇನೂ ಬರವಿಲ್ಲ. ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದೇ ಹೇಳಿಕೊಂಡವರು. ಪುರಾತತ್ವಜ್ಞ ಕಸಿನ್ಸ್ ಚಾಲುಕ್ಯ ವಾಸ್ತುವಿನ ತಮ್ಮ 1926ರ ಪುಸ್ತಕದಲ್ಲಿ ಈ ಗುಡಿಯನ್ನೂ ಸೇರಿಸಿದ್ದರು. ಒಬ್ಬರಿಗೆ ವಂಶಾವಳಿ ಬೇಕಿತ್ತು, ಇನ್ನೊಬ್ಬರಿಗೆ ಶೈಲಿ.

ವಸುಂಧರಾ ಗುಡಿಯನ್ನೇ ಮುಂದಿಟ್ಟುಕೊಂಡರು. ಅಲ್ಲಿ ದೊಡ್ಡ ದೊಡ್ಡ ಕಲ್ಲುಗಳ ಮೇಲೆ ಏಳು ಉದ್ದನೆಯ ಶಾಸನಗಳಿವೆ. ಕಾವ್ಯದ ಹದವಿರುವ ಹಳೆಯ ಕನ್ನಡ, ಅಕ್ಷರವೂ ಅಚ್ಚುಕಟ್ಟು. ಯಾರು ಏನು ಕಟ್ಟಿಸಿದರು, ದೇವರಿಗೆ ಏನು ಬಿಟ್ಟರು, ಗುಡಿಯಲ್ಲಿ ಯಾರಿದ್ದರು ಎಂಬುದೆಲ್ಲ ಅದರಲ್ಲೇ ಉಂಟು.

ಶಾಸನದ ಕಾಲವನ್ನು ಇಂದಿನ ತಾರೀಖಿಗೆ ತರುವುದು ತಾಳ್ಮೆಯ ಲೆಕ್ಕ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ ಸುಮಾರಾಗಿ ಸಿಕ್ಕೀತು, ದಿನ ಸಿಗದು. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಇವು ಒಂದಕ್ಕೊಂದು ಹೊಂದಬೇಕು. ವಾರ ತಪ್ಪಿದರೆ ಮತ್ತೆ ಮೊದಲಿಂದ. ಹಾಗೆ ಹೊಂದಿ ಬಂದ ಒಂದು ದಿನ 1225ರ ಆಗಸ್ಟ್ 19: ಶಿವದೇವನೆಂಬ ವೀರಶೈವ ವಿರಕ್ತ ಚೌಡದಾನಪುರಕ್ಕೆ ಬಂದ ದಿನ. ನಮ್ಮ ಮುತ್ತಜ್ಜ ಹುಟ್ಟಿದ ದಿನವೇ ನಮಗೆ ಗೊತ್ತಿರುವುದಿಲ್ಲ! ಅರಸ ಪಟ್ಟಕ್ಕೆ ಬಂದ ದಿನವನ್ನು ಕಲ್ಲಿಗೆ ಹಾಕಿಸುವುದು ಸರಿ. ಎಲ್ಲ ಬಿಟ್ಟು ಬಂದವನ ದಿನವನ್ನೂ ಈ ಊರು ಬರೆಸಿಟ್ಟಿದೆ.

ಅದೇ ಗುಡಿಯ ಶಾಸನಗಳಲ್ಲಿ ಮುಕ್ತಜೀಯರೆಂಬ ಲಾಕುಲಶೈವ ಪಂಥದ ಗುರುವೂ ಇದ್ದಾರೆ. ಒಂದೇ ದೇವರ ಮುಂದೆ ಲಾಕುಲಶೈವರೂ ವೀರಶೈವರೂ ಕಾಣಸಿಗುವುದು ಹೀಗೆ. ಈ ಗುಡಿಯ ಮೇಲಿನ ವಸುಂಧರಾ ಅವರ ಪುಸ್ತಕ 1995ರಲ್ಲಿ ಬಂತು, ‘ಧಾರವಾಡ ಜಿಲ್ಲೆಯ ಅಷ್ಟಾಗಿ ಗೊತ್ತಿಲ್ಲದ ಗುಡಿ’ ಎಂಬ ಉಪಶೀರ್ಷಿಕೆಯೊಂದಿಗೆ. ಎರಡೇ ವರ್ಷಕ್ಕೆ ಹಾವೇರಿ ಧಾರವಾಡದಿಂದ ಬೇರ್ಪಟ್ಟು ಬೇರೆ ಜಿಲ್ಲೆಯಾಯಿತು.

ಧಾರವಾಡ ಸೀಮೆಯ ಕಾಳಾಮುಖ, ಪಾಶುಪತ ಎಂಬ ಶೈವ ಪಂಥಗಳ ಗುಡಿಗಳ ಮೇಲೆಯೇ ಅವರ ಇನ್ನೊಂದು ಪುಸ್ತಕ 2012ರಲ್ಲಿ ಹೊರಬಂತು. ಕಾಳಾಮುಖರೆಂದರೆ ತಲೆಬುರುಡೆಯಲ್ಲಿ ಉಣ್ಣುವವರೆಂದು ಎದುರು ಪಂಥದವರು ಬರೆದಿಟ್ಟಿದ್ದರು. ಆದರೆ ಬಳ್ಳಿಗಾವೆಯಲ್ಲಿದ್ದ ಕಾಳಾಮುಖರ ಕೋಡಿಯಮಠದ 1162ರ ಶಾಸನ ತೋರಿಸುವುದು ವೇದ, ವ್ಯಾಕರಣ ಕಲಿಸಿ, ರೋಗಿಗಳಿಗೆ ಔಷಧ ಕೊಟ್ಟು, ಹಸಿದವರಿಗೆ ಅನ್ನವಿಕ್ಕುತ್ತಿದ್ದ ಮಠವನ್ನು.