ಭೂಮಿಯಿಲ್ಲದ ತರುಣರಿಗೆ ಚಿಪ್ಪು ಅಣಬೆಯ ಬೇಸಾಯ

ಬೈಯಪ್ಪನಹಳ್ಳಿಯು ಬೆಂಗಳೂರು ದಂಡುಪ್ರದೇಶದ ಪೂರ್ವಕ್ಕೆ, ಹಲಸೂರಿಗೂ ಕೃಷ್ಣರಾಜಪುರಕ್ಕೂ ನಡುವೆ, ಹಳೆ ಮದರಾಸು ರಸ್ತೆಯ ಬದಿಯಲ್ಲಿದೆ. ೧೮೦೯ನೆಯ ಇಸವಿಯಲ್ಲಿ ದಂಡು ಬೆಂಗಳೂರಿನಲ್ಲಿ ನೆಲೆಗೊಂಡ ಮೇಲೆ ಸುತ್ತಣ ಹಳ್ಳಿಗಳ ಒಕ್ಕಲುಗಳು ಸೊಪ್ಪು, ತರಕಾರಿ, ಹಾಲು ಮುಂತಾದುವನ್ನು ಪೇಟೆಗೆ ಒದಗಿಸಿ ಜೀವನ ಸಾಗಿಸುತ್ತಿದ್ದುವು. ಊರು ಬೆಳೆದಂತೆಲ್ಲಾ ಹೊಲಗಳು ಬೀದಿಗಳಾದುವು. ೨೦೧೧ನೆಯ ಇಸವಿ ಅಕ್ಟೋಬರ್ ೨೦ರಂದು ಬೆಂಗಳೂರಿನ ಮೊದಲನೆಯ ಮೆಟ್ರೋ ರೈಲು ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ ಸಂಚಾರಕ್ಕೆ ತೊಡಗಿತು. ಹೀಗೆ ಉಳುವ ಭೂಮಿ ಕೈಬಿಟ್ಟು ಹೋಯಿತಾದರೂ, ಕೊಳ್ಳುವ ಜನ ಮಾತ್ರ ಬಾಗಿಲಿನ ಹತ್ತಿರಕ್ಕೇ ಬಂದರು.

ಇಂತಹ ಸ್ಥಳದಲ್ಲಿ ಓದು ಮುಗಿಸಿ, ನೌಕರಿ ದೊರೆಯದೆ, ಸ್ವಂತವಾಗಿ ಏನಾದರೊಂದು ಕಸಬು ಹಿಡಿದು ನಾಲ್ಕು ಕಾಸು ಸಂಪಾದಿಸಬೇಕೆಂದು ಯೋಚಿಸುವ ತರುಣ ತರುಣಿಯರಿಗೆ ಚಿಪ್ಪು ಅಣಬೆಯ ಬೇಸಾಯವು ಅನುಕೂಲವಾದುದು. ಇದಕ್ಕೆ ಜಮೀನು ಬೇಡ, ಎತ್ತು ಬೇಡ. ಒಂದು ಪ್ರತ್ಯೇಕ ಕೊಠಡಿ, ಶುದ್ಧವಾದ ನೀರು, ಒಣಹುಲ್ಲು ಇದ್ದರೆ ಸಾಕು. ಆದರೆ ಸುಲಭವಾಗಿ ಪ್ರಾರಂಭಿಸಬಹುದಾದ ಕಸಬನ್ನು ಅಷ್ಟೇ ಸುಲಭವಾಗಿ ಕೆಡಿಸಿಕೊಳ್ಳಲೂ ಬಹುದು. ಆದುದರಿಂದ ಬೆಳೆಯುವ ಕ್ರಮದೊಡನೆ ನಷ್ಟವಾಗದಂತೆ ನಡೆಸುವ ಕ್ರಮವನ್ನೂ ಇಲ್ಲಿ ವಿವರಿಸಿದೆ.

ಈ ಬೆಳೆಯ ಪೂರ್ವವೃತ್ತಾಂತ

ಚಿಪ್ಪು ಅಣಬೆಯು ಕಾಡಿನಲ್ಲಿ ಒಣಮರದ ಮೇಲೆ ಚಿಪ್ಪಿನ ಆಕಾರದಲ್ಲಿ ತಾನಾಗಿ ಬೆಳೆಯತಕ್ಕ ಜಾತಿ. ಜರ್ಮನಿ ದೇಶದಲ್ಲಿ ಫಾಲ್ಕ್ ಎಂಬ ವಿದ್ವಾಂಸರು ೧೯೧೭ರಲ್ಲಿ ಇದನ್ನು ಮರದ ತುಂಡುಗಳ ಮೇಲೆ ಬೆಳೆಸಿ ತೋರಿಸಿದರು. ನಮ್ಮಲ್ಲಿ ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯದ ಬಾನೋ ಮತ್ತು ಶ್ರೀವಾಸ್ತವ ಎಂಬ ವಿಜ್ಞಾನಿಗಳು ೧೯೬೨ರಲ್ಲಿ ಇದನ್ನು ಭತ್ತದ ಹುಲ್ಲಿನ ಮೇಲೆ ಬೆಳೆಯುವ ವಿಧಾನವನ್ನು ಪ್ರಕಟಿಸಿದರು. ದನಗಳಿಗೆ ಹಾಕುವ ಹುಲ್ಲೇ ಸಾಕೆಂದು ತಿಳಿದುಬಂದ ಮೇಲೆ ಈ ಬೆಳೆಯು ಬಡವರ ಕೈಗೂ ಎಟುಕಿತು.

ಇದಕ್ಕೆ ೨೦ರಿಂದ ೨೮ ಡಿಗ್ರಿ ಸೆಂಟಿಗ್ರೇಡ್ ಉಷ್ಣವೂ ಗಾಳಿಯಲ್ಲಿ ನೂರಕ್ಕೆ ೮೦ರಿಂದ ೯೦ರಷ್ಟು ತೇವವೂ ಹಿತ. ಸಮುದ್ರಮಟ್ಟಕ್ಕೆ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವರ್ಷದ ಹೆಚ್ಚು ಭಾಗ ಈ ಹವೆಯೇ ಇರುತ್ತದೆ. ಮಾರ್ಚಿಯಿಂದ ಮೇ ವರೆಗೆ ಮಾತ್ರ ಕಾವು ಹೆಚ್ಚಿ ಗಾಳಿ ಒಣಗುವುದರಿಂದ, ಕಿಟಕಿಗಳಿಗೆ ಗೋಣಿತಟ್ಟು ಕಟ್ಟಿ ನೀರು ಚಿಮುಕಿಸುತ್ತಿರಬೇಕು. ಹೊಸಬರು ಈ ಮೂರು ತಿಂಗಳಲ್ಲಿ ಪ್ರಾರಂಭಮಾಡದಿರುವುದು ಲೇಸು.

ಮೊದಲು ಕೊಳ್ಳುವವರನ್ನು ಗೊತ್ತುಮಾಡಬೇಕು

ರಾಗಿಯನ್ನು ಕಣಜದಲ್ಲಿಟ್ಟು ಬೆಲೆ ಬಂದಾಗ ಮಾರಬಹುದು. ಅಣಬೆಯನ್ನು ಹಾಗೆ ಇಡಲಾಗದು. ಅದರ ತೂಕದಲ್ಲಿ ನೂರಕ್ಕೆ ಸುಮಾರು ೯೦ ಪಾಲು ನೀರೇ. ಕೊಯ್ದ ಮಾರನೆಯ ದಿನಕ್ಕೆ ಬಾಡಲಾರಂಭಿಸುತ್ತದೆ. ಆದಕಾರಣ ಎಷ್ಟು ಬೆಳೆಯಬಹುದು ಎಂಬುದಕ್ಕಿಂತ ಎಷ್ಟು ಮಾರಬಹುದು ಎಂಬುದನ್ನೇ ಮೊದಲು ತಿಳಿಯತಕ್ಕದ್ದು.

ಹೊಸಬರು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಉದಾಹರಣೆಗೆ, ಒಬ್ಬ ತರುಣನು ಸಾಲ ತಂದು ಒಂದೇ ದಿನ ೨೦೦ ಚೀಲಗಳನ್ನು ತುಂಬಿದನೆಂದು ಭಾವಿಸೋಣ. ಚೀಲವೊಂದಕ್ಕೆ ಅರ್ಧ ಕಿಲೋ ಒಣಹುಲ್ಲಿನಂತೆ ೧೦೦ ಕಿಲೋ ಹುಲ್ಲಾಯಿತು. ಒಂದು ಕಿಲೋ ಒಣಹುಲ್ಲಿಗೆ ಒಟ್ಟು ಅರ್ಧ ಕಿಲೋ ಅಣಬೆಯೆಂದು ಕಡಮೆಯಾಗಿ ಲೆಕ್ಕಹಾಕಿದರೂ ೫೦ ಕಿಲೋ. ಇದರಲ್ಲಿ ಅರ್ಧದಷ್ಟು ಮೊದಲನೆಯ ಬೆಳೆಯಲ್ಲಿಯೇ, ಮೂರು ನಾಲ್ಕು ದಿವಸಗಳೊಳಗೆ ಬಂದರೆ, ೨೫ ಕಿಲೋ ಅಣಬೆಯನ್ನು ಆ ಕೂಡಲೇ ಮಾರಬೇಕು. ಗೊತ್ತಾದ ಗಿರಾಕಿಗಳಿಲ್ಲದವನು ಸಿಕ್ಕಿದ ಬೆಲೆಗೆ ಕೊಡುವನು; ಮಿಕ್ಕುದನ್ನು ತಿಪ್ಪೆಗೆ ಹಾಕುವನು. ಬೆಳೆ ಚೆನ್ನಾಗಿ ಬಂದುದರಿಂದಲೇ ಅವನಿಗೆ ನಷ್ಟ!

ಇದಕ್ಕೆ ಬದಲಾಗಿ ಲೆಕ್ಕವನ್ನು ಗಿರಾಕಿಗಳಿಂದ ಪ್ರಾರಂಭಿಸಬೇಕು. ನೆರೆಹೊರೆಯ ಐದು ಮನೆಗಳವರು ವಾರಕ್ಕೆರಡು ಸಲ ೨೦೦ ಗ್ರಾಮಿನ ಪೊಟ್ಟಣವನ್ನು ತೆಗೆದುಕೊಳ್ಳಲು ಒಪ್ಪಿದರೆ ವಾರಕ್ಕೆ ೨ ಕಿಲೋ ಬೇಕಾಗುತ್ತದೆ. ಅದಕ್ಕೆ ವಾರಕ್ಕೆ ೪ ಕಿಲೋ ಒಣಹುಲ್ಲು, ಎಂದರೆ ೮ ಚೀಲಗಳನ್ನು ತುಂಬಬೇಕು. ಪ್ರತಿ ವಾರವೂ ಹೀಗೆ ೮ ಚೀಲಗಳನ್ನು ತುಂಬುತ್ತಾ ಹೋದರೆ, ಬೆಳೆಯೂ ಪ್ರತಿ ವಾರವೂ ಅದೇ ಪ್ರಮಾಣದಲ್ಲಿ ಬರುತ್ತದೆ. ಚೀಲವು ಎಂಟು ವಾರ ಸ್ಥಳ ಹಿಡಿಯುವುದರಿಂದ ಕೊಠಡಿಯಲ್ಲಿ ಒಂದೇ ಕಾಲಕ್ಕೆ ೬೪ ಚೀಲಗಳಿಗಿಂತ ಹೆಚ್ಚಾಗದು. ಗಿರಾಕಿಗಳು ಹತ್ತು ಮನೆಯಾದರೆ ಚೀಲಗಳನ್ನು ಇಮ್ಮಡಿ ಮಾಡಬಹುದು.

ಬೈಯಪ್ಪನಹಳ್ಳಿಯವರಿಗೆ ಪೇಟೆಯ ಕೊರತೆಯಿಲ್ಲ. ಮೆಟ್ರೋ ರೈಲಿನಲ್ಲಿ ಇಂದಿರಾನಗರವು ಎರಡನೆಯ ನಿಲ್ದಾಣ, ಹಲಸೂರು ಮೂರನೆಯದು. ಈ ಭಾಗಗಳಲ್ಲಿ ಊಟದ ಮನೆಗಳೂ ತರಕಾರಿ ಅಂಗಡಿಗಳೂ ಬಹಳವಾಗಿವೆ. ಶಿವಾಜಿನಗರದಲ್ಲಿ ೧೯೨೭ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟೂ ದೂರವಲ್ಲ. ಆದರೂ ಮೊದಲಲ್ಲಿ ಮನೆಗಳನ್ನೇ ನಂಬುವುದು ಒಳ್ಳೆಯದು. ಊಟದ ಮನೆಯವರು ಹೆಚ್ಚಾಗಿ ಕೊಳ್ಳುವರು ನಿಜ. ಆದರೆ ಹಣವನ್ನು ತಿಂಗಳು ಕಳೆದು ಕೊಡುವ ರೂಢಿಯವರಾದರೆ ಅಲ್ಪ ಬಂಡವಾಳದವನಿಗೆ ಅಷ್ಟು ದಿವಸ ಕಾಯುವ ಶಕ್ತಿ ಇರುವುದಿಲ್ಲ.

ಸ್ಥಳ

ಮಲಗುವ ಕೊಠಡಿಯಲ್ಲಿಯೂ ಅಡಿಗೆಯ ಮನೆಯಲ್ಲಿಯೂ ಅಣಬೆಯನ್ನು ಬೆಳೆಯಕೂಡದು. ಬಲಿತ ಅಣಬೆಯಿಂದ ಕಣ್ಣಿಗೆ ಕಾಣದಷ್ಟು ನುಣುಪಾದ ಧೂಳು ಅಪಾರವಾಗಿ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಇದನ್ನು ದಿನವೂ ಉಸಿರಾಡುವವರಿಗೆ ಕೆಮ್ಮು, ಜ್ವರ, ಉಬ್ಬಸಗಳೂ ಕ್ರಮೇಣ ಶ್ವಾಸಕೋಶದ ಕಾಯಿಲೆಯೂ ಬರಬಹುದು. ಮಹಡಿಯ ಮೇಲಣ ಅಥವಾ ಹಿತ್ತಿಲಿನ ಪ್ರತ್ಯೇಕ ಕೊಠಡಿಯೇ ತಕ್ಕದ್ದು. ಒಳಗೆ ಕೆಲಸಮಾಡುವಾಗ ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಅಣಬೆಯನ್ನು ಎಳೆಯದಾಗಿರುವಾಗಲೇ ಕೊಯ್ಯಬೇಕು. ಬಾಡಿಗೆಯ ಮನೆಯಾದರೆ ಮನೆಯ ಯಜಮಾನರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರುವುದು ಕ್ಷೇಮ. ಕಿಟಕಿಗಳಿಗೆ ನೊಣ ನುಸುಳದ ಸಣ್ಣ ಕಣ್ಣಿನ ಬಲೆಯನ್ನು ಹಾಕಿಸತಕ್ಕದ್ದು.

ಬೆಳೆಯುವ ಕ್ರಮ

೧. ಹುಲ್ಲು: ಮಳೆಯಲ್ಲಿ ನೆನೆಯದ, ಹೊಂಬಣ್ಣವಿರುವ, ಹೊಸ ಭತ್ತದ ಹುಲ್ಲು ಉತ್ತಮ. ರಾಗಿಯ ಹುಲ್ಲಿನಲ್ಲಿಯೂ ಬೆಳೆಯುತ್ತದೆ. ಇದನ್ನು ಒಂದರಿಂದ ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿ, ಶುದ್ಧವಾದ ನೀರಿನಲ್ಲಿ ೮ರಿಂದ ೧೨ ಗಂಟೆಗಳ ಕಾಲ ನೆನೆಹಾಕಬೇಕು.

೨. ಬೇಯಿಸುವುದು: ನೆನೆದ ಹುಲ್ಲನ್ನು ಗೋಣಿಯಲ್ಲಿ ತುಂಬಿ, ಸುಮಾರು ೮೦ ಡಿಗ್ರಿ ಕಾವಿರುವ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಬೇಕು. ಹುಲ್ಲಿನಲ್ಲಿರುವ ಇತರ ಬೂಷ್ಟುಗಳು ಇದರಿಂದ ಸಾಯುತ್ತವೆ. ಆಮೇಲೆ ತೊಳೆದು ಶುದ್ಧಮಾಡಿದ ಸ್ಥಳದಲ್ಲಿ ಹರಡಿ ನೀರನ್ನು ಬಸಿಯಬೇಕು. ಒಂದು ಹಿಡಿ ಹುಲ್ಲನ್ನು ಬಲವಾಗಿ ಹಿಂಡಿದಾಗ ನೀರು ತೊಟ್ಟಿಕ್ಕದೆ ಅಂಗೈ ಮಾತ್ರ ಒದ್ದೆಯಾದರೆ ಹದವಾಯಿತೆಂದು ತಿಳಿಯಬೇಕು.

೩. ಬೀಜ: ಅಣಬೆಯ ಬೀಜವೆಂದರೆ ಬೇಯಿಸಿದ ಜೋಳ ಮುಂತಾದ ಕಾಳುಗಳ ಮೇಲೆ ಬೆಳೆಸಿದ ಬಿಳಿಯ ಎಳೆಗಳು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಬೀಜವೂ ಶಿಕ್ಷಣವೂ ದೊರೆಯುತ್ತವೆ. ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ವಿಚಾರಿಸಬಹುದು. ಬೇಕಾದ ಬೀಜವನ್ನು ಮುಂಚಿತವಾಗಿ ಗೊತ್ತುಮಾಡಿ, ಬಿಸಿಲು ತಾಕದಂತೆ ತರಬೇಕು. ಹಸುರು ಅಥವಾ ಕಪ್ಪು ಕಲೆಗಳಿರುವ ಬೀಜವನ್ನು ಕೊಳ್ಳಕೂಡದು.

೪. ತುಂಬುವುದು: ೧೨ ಅಂಗುಲ ಅಗಲ, ೧೮ ಅಂಗುಲ ಉದ್ದದ ಪಾಲಿಥೀನ್ ಚೀಲಕ್ಕೆ ಅರ್ಧ ಕಿಲೋ ಒಣಹುಲ್ಲು, ಎಂದರೆ ನೆನೆದ ಮೇಲೆ ಸುಮಾರು ಒಂದೂವರೆ ಕಿಲೋ, ಸಾಕಾಗುತ್ತದೆ. ಒದ್ದೆ ಹುಲ್ಲಿನ ತೂಕಕ್ಕೆ ನೂರಕ್ಕೆ ೨ರಿಂದ ೩ ಪಾಲಿನಂತೆ ಚೀಲವೊಂದಕ್ಕೆ ೩೦ರಿಂದ ೪೫ ಗ್ರಾಂ ಬೀಜ ಬೇಕು. ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಎರಡು ಮೂರು ಅಂಗುಲ ಹುಲ್ಲನ್ನು ಅದುಮಿ, ಅಂಚಿನ ಸುತ್ತಲೂ ಬೀಜ ಚೆಲ್ಲಿ, ಮತ್ತೆ ಹುಲ್ಲು ಹಾಕಬೇಕು. ಹೀಗೆ ನಾಲ್ಕೈದು ಪದರಗಳಾದ ಮೇಲೆ ಬಾಯಿ ಕಟ್ಟಿ, ಸುತ್ತಲೂ ಹದಿನೈದು ಇಪ್ಪತ್ತು ಸಣ್ಣ ರಂಧ್ರಗಳನ್ನು ಮಾಡಬೇಕು.

೫. ಬೆಳವಣಿಗೆ: ಚೀಲಗಳನ್ನು ಕತ್ತಲಾದ ಸ್ಥಳದಲ್ಲಿ ೧೫ರಿಂದ ೨೦ ದಿವಸ ಅಲುಗಿಸದೆ ಇಟ್ಟರೆ ಒಳಗೆಲ್ಲಾ ಬಿಳಿಯ ಎಳೆಗಳು ಹಬ್ಬಿ ಹುಲ್ಲು ಗಟ್ಟಿಯಾಗುತ್ತದೆ. ಆಗ ಚೀಲವನ್ನು ಸೀಳಿ ಅಥವಾ ತೆಗೆದು, ಗಾಳಿಯೂ ಮಂದವಾದ ಬೆಳಕೂ ಇರುವಲ್ಲಿ ತೂಗುಹಾಕಿ, ದಿನಕ್ಕೆ ಎರಡು ಮೂರು ಸಲ ನೀರನ್ನು ಮಂಜಿನಂತೆ ಸಿಂಪಡಿಸಬೇಕು. ಕೆಲವು ದಿವಸಗಳಲ್ಲಿ ಗುಂಡುಸೂಜಿಯ ತಲೆಯಂತಹ ಮೊಗ್ಗುಗಳು ಕಾಣಿಸಿಕೊಂಡು, ಮತ್ತೆ ಎರಡು ಮೂರು ದಿವಸಗಳಲ್ಲಿ ಕೊಯ್ಲಿಗೆ ಬರುತ್ತವೆ.

೬. ಕೊಯ್ಲು: ಕೊಡೆಯ ಅಂಚು ಮೇಲಕ್ಕೆ ಸುರುಳುವ ಮೊದಲೇ, ಗೊಂಚಲನ್ನು ಬುಡದಲ್ಲಿ ಹಿಡಿದು ತಿರುಗಿಸಿ ಕೀಳಬೇಕು. ಕೊಯ್ಯುವ ಮುನ್ನ ನೀರು ಚಿಮುಕಿಸಬಾರದು. ಒದ್ದೆಯಾದ ಅಣಬೆ ಬೇಗ ಕೆಡುತ್ತದೆ. ವಾರ ಹತ್ತು ದಿವಸಗಳ ಅಂತರದಲ್ಲಿ ಇನ್ನೆರಡು ಬೆಳೆಗಳು ಬರುತ್ತವೆ. ಮೂರೂ ಸೇರಿ ಚೀಲವೊಂದಕ್ಕೆ ೨೫೦ರಿಂದ ೩೫೦ ಗ್ರಾಂ ಅಣಬೆಯನ್ನು ನಿರೀಕ್ಷಿಸಬಹುದು. ಉಳಿದ ಹುಲ್ಲು ಒಳ್ಳೆಯ ಗೊಬ್ಬರವಾಗುತ್ತದೆ.

ಬರತಕ್ಕ ತೊಂದರೆಗಳು

ಈ ಬೆಳೆಯ ಮುಖ್ಯ ಶತ್ರು ಹಸುರು ಬೂಷ್ಟು. ಇದು ಹಿಡಿದ ಚೀಲಕ್ಕೆ ಚಿಕಿತ್ಸೆಯಿಲ್ಲ. ಕೊಠಡಿಯಲ್ಲಿ ಬಿಚ್ಚದೆ ಹೊರಕ್ಕೆ ಒಯ್ದು ದೂರದಲ್ಲಿ ಹೂಳಬೇಕು. ಹುಲ್ಲು ಸರಿಯಾಗಿ ಬೇಯದಿರುವುದು, ನೀರು ಬಸಿಯದಿರುವುದು, ಕೈಗಳ ಅಶುಚಿ, ಇವೇ ಇದಕ್ಕೆ ಕಾರಣಗಳು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ವ್ಯವಸಾಯ ಇಲಾಖೆಯ ನಿರ್ದೇಶಕರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಸೂಚಿಸಿದ ಉಪಾಯವನ್ನು ಇಲ್ಲಿ ನೆನೆಯಬಹುದು. ರೋಗ ತಗುಲಿದ ಗೊನೆಗಳನ್ನು ಗುಣಪಡಿಸಲೆಳಸದೆ, ರೋಗ ಬರುವ ಮುಂಚೆಯೇ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದೇ ಆ ಉಪಾಯ. ಅಣಬೆಯ ಕೊಠಡಿಯಲ್ಲಿ ದ್ರಾವಣದ ಕೆಲಸವನ್ನು ಬಿಸಿನೀರೂ ಸಾಬೂನೂ ಮಾಡುತ್ತವೆ.

ಮಾರಾಟವಾಗದೆ ಉಳಿದ ಅಣಬೆಯನ್ನು ಆ ದಿನವೇ ಒಣಗಿಸಬೇಕು. ಹತ್ತು ಕಿಲೋ ಹಸಿಯ ಅಣಬೆಗೆ ಸುಮಾರು ಒಂದು ಕಿಲೋ ಒಣ ಅಣಬೆಯಾಗುತ್ತದೆ. ಒಣಗಿಸಿದುದನ್ನಾಗಲಿ ಉಪ್ಪಿನಕಾಯಿ ಮುಂತಾಗಿ ಮಾಡಿದುದನ್ನಾಗಲಿ ಮಾರುವ ಪಕ್ಷದಲ್ಲಿ ಆಹಾರ ಸುರಕ್ಷತೆಯ ಕಾಯಿದೆಯಂತೆ ನೋಂದಣಿ ಮಾಡಿಸತಕ್ಕದ್ದು. ಬೆಳೆ ಸಾಲದೆ ಬಂದಾಗ ಬಯಲಿನಲ್ಲಿ ತಾನಾಗಿ ಹುಟ್ಟಿದ ಅಣಬೆಯನ್ನು ತಂದು ಬೆರಸಿ ಮಾರುವುದು ಎಂದಿಗೂ ಕೂಡದು. ವಿಷದ ಜಾತಿಗಳನ್ನು ನೋಟದಿಂದ ಬೇರ್ಪಡಿಸುವುದು ಅನುಭವಸ್ಥರಿಗೂ ಕಷ್ಟ. ತಪ್ಪಿದರೆ ತಿಂದವರ ಪ್ರಾಣಕ್ಕೇ ಅಪಾಯ.

ಹಣಕಾಸು

ಮೊದಲ ಪರೀಕ್ಷೆಗೆ ೨೦ ಚೀಲಗಳು ಸಾಕು. ಇದಕ್ಕೆ ೧೦ ಕಿಲೋ ಒಣಹುಲ್ಲೂ ಒಂದು ಕಿಲೋದೊಳಗಿನ ಬೀಜವೂ ಹಿಡಿಯುತ್ತವೆ. ೫ರಿಂದ ೭ ಕಿಲೋ ಅಣಬೆ ಬರಬಹುದು. ಇಷ್ಟನ್ನು ಕೈಯಲ್ಲಿರುವ ಹಣದಿಂದಲೇ ಮಾಡಬೇಕು. ತಾಯಿಯ ಒಡವೆಯನ್ನು ಅಡವಿಟ್ಟಾಗಲಿ, ಬಡ್ಡಿಗೆ ತಂದಾಗಲಿ ಮಾಡಕೂಡದು. ಪರೀಕ್ಷೆಯು ಕೆಟ್ಟರೆ ಹೋಗುವುದು ಒಂದಿಷ್ಟು ಹುಲ್ಲು. ಸಾಲದಿಂದ ಮಾಡಿ ಕೆಟ್ಟರೆ ಮನೆಯವರ ನೆಮ್ಮದಿಯೂ ಹೋಗುತ್ತದೆ, ಮತ್ತೊಮ್ಮೆ ಪ್ರಯತ್ನಿಸುವ ಧೈರ್ಯವೂ ಹೋಗುತ್ತದೆ. ಭಾರಿ ಮೊತ್ತವನ್ನು ಮುಂಗಡ ಕಟ್ಟಿಸಿಕೊಂಡು, ಬೀಜವನ್ನು ತಾವೇ ಕೊಟ್ಟು ಬೆಳೆಯನ್ನೂ ತಾವೇ ಕೊಳ್ಳುವೆವೆಂದು ಆಸೆ ತೋರಿಸುವವರ ವಿಷಯದಲ್ಲಿ ಬಹಳ ಎಚ್ಚರವಾಗಿರಬೇಕು.

ಒಂದು ಲೆಕ್ಕದ ಪುಸ್ತಕವನ್ನು ಮೊದಲ ದಿನದಿಂದಲೇ ಇಡಬೇಕು. ಖರ್ಚಿನ ಕಡೆ ಹುಲ್ಲು, ಬೀಜ, ಚೀಲ, ಸೌದೆ ಅಥವಾ ಗ್ಯಾಸು, ಕೊಠಡಿಯ ಬಾಡಿಗೆ, ಓಡಾಟದ ವೆಚ್ಚ ಇವುಗಳನ್ನೂ, ತಾನು ಕೆಲಸಮಾಡಿದ ಗಂಟೆಗಳನ್ನೂ ಬರೆಯಬೇಕು. ಜಮೆಯ ಕಡೆ ಕೈಗೆ ಬಂದ ಹಣವನ್ನು ಮಾತ್ರ ಬರೆಯಬೇಕು. ಬರಬೇಕಾದ ಹಣವನ್ನು ಬೇರೆ ಹಾಳೆಯಲ್ಲಿಡಬೇಕು. ಕೆಟ್ಟ ಚೀಲಗಳೆಷ್ಟು, ಮಾರದೆ ಉಳಿದ ಅಣಬೆಯೆಷ್ಟು ಎಂಬುದನ್ನೂ ಮುಚ್ಚಿಡದೆ ಬರೆಯಬೇಕು. ಬೆಲೆಗಳು ಆಗಾಗ ಬದಲಾಗುವುವಾದುದರಿಂದ ಅವುಗಳನ್ನು ಇಲ್ಲಿ ಕೊಟ್ಟಿಲ್ಲ. ಪ್ರಾರಂಭಿಸುವವರು ತಾವೇ ವಿಚಾರಿಸಿ ಲೆಕ್ಕದಲ್ಲಿ ತುಂಬಿಕೊಳ್ಳಬೇಕು.

ಮೂರು ಸಲ ಹೀಗೆ ಬೆಳೆದು ಮಾರಿದ ಮೇಲೆ ಪುಸ್ತಕವನ್ನು ತೆರೆದು ನೋಡಿದರೆ, ಕಸಬನ್ನು ಹೆಚ್ಚಿಸಬೇಕೋ, ಇದ್ದಷ್ಟಕ್ಕೇ ನಿಲ್ಲಿಸಬೇಕೋ, ಬಿಡಬೇಕೋ ಎಂಬುದು ತಾನಾಗಿಯೇ ತಿಳಿಯುತ್ತದೆ. ಲಾಭವು ಕಂಡರೆ, ಆ ಪುಸ್ತಕವನ್ನೇ ಮುಂದಿಟ್ಟು ಬ್ಯಾಂಕಿನಲ್ಲಿ ಸಾಲ ಕೇಳಬಹುದು. ಕಾಣದಿದ್ದರೆ, ಹೆಚ್ಚಿನ ನಷ್ಟವಿಲ್ಲದೆ ಬೇರೆ ಕಸಬನ್ನು ಹುಡುಕಬಹುದು.

ಸಾರಾಂಶ

೧. ಗಿರಾಕಿಗಳನ್ನು ಗೊತ್ತುಮಾಡಿದ ಮೇಲೆ ಚೀಲಗಳನ್ನು ತುಂಬಬೇಕು.
೨. ಮಲಗುವ ಕೊಠಡಿಯಲ್ಲಿ ಬೆಳೆಯಕೂಡದು.
೩. ಹುಲ್ಲನ್ನು ಚೆನ್ನಾಗಿ ಬೇಯಿಸಿ, ಚೆನ್ನಾಗಿ ಬಸಿಯಬೇಕು.
೪. ಒಂದೇ ದಿನ ಹೆಚ್ಚು ಚೀಲಗಳನ್ನು ತುಂಬದೆ, ವಾರವಾರವೂ ಸ್ವಲ್ಪ ಸ್ವಲ್ಪವಾಗಿ ತುಂಬಬೇಕು.
೫. ಮೊದಲ ಪರೀಕ್ಷೆಯನ್ನು ಸಾಲವಿಲ್ಲದೆ ಮಾಡಿ, ಲೆಕ್ಕವನ್ನು ತಪ್ಪದೆ ಇಡಬೇಕು.