ಕಾಲೇಜಿನ ಕಬಡ್ಡಿಯೂ ಕಾಸಿನ ಕಬಡ್ಡಿಯೂ

ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ಟಿನ ಪಕ್ಷಪಾತಿಗಳು ಎಷ್ಟು ಮಂದಿ ಇದ್ದಾರೆಂಬುದು ಎಲ್ಲರಿಗೂ ಗೊತ್ತು. ಗ್ರಂಥಾಲಯಕ್ಕೆ ಬರುವ ಪತ್ರಿಕೆಯ ಕ್ರೀಡಾಪುಟ ಹತ್ತು ಗಂಟೆಯೊಳಗೆ ಕೈಯಿಂದ ಕೈಗೆ ಹೋಗಿ ಮಾಸಿಹೋಗುತ್ತದೆ. ಅದರ ಮೂಲೆಯಲ್ಲಿ ಅಚ್ಚಾದ ನಾಲ್ಕು ಸಾಲಿನ ಕಬಡ್ಡಿ ವಾರ್ತೆಯನ್ನು ಹುಡುಕುವವನು ಬಹುಶಃ ನಾನೊಬ್ಬನೇ. ಆದುದರಿಂದ ಈ ಲೇಖನ ಒಬ್ಬ ಪಕ್ಷಪಾತಿಯದೆಂದು ವಾಚಕರಿಗೆ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಆಟಗಾರನಲ್ಲ. ಮೈಯ ತೂಕ, ಎದೆಯ ಧೈರ್ಯ ಎರಡೂ ಸಾಲದೆ ಗೆರೆಯ ಹೊರಗೆ ನಿಂತು ಕೂಗುವ ವರ್ಗಕ್ಕೆ ಸೇರಿದವನು. ಕೂಗುವವನಿಗೂ ಅಭಿಪ್ರಾಯಗಳಿರುತ್ತವೆ.

ವಳ್ಳೂರಿನ ಕಡೆ, ಕನ್ನಡ ತೆಲುಗು ಎರಡೂ ಒಂದೇ ನಾಲಗೆಯ ಮೇಲೆ ಓಡಾಡುವ ನಮ್ಮ ಸೀಮೆಯಲ್ಲಿ, ಹಿರಿಯರು ಈ ಆಟವನ್ನು ಇಂದಿಗೂ ಚೆಡುಗುಡು ಎನ್ನುತ್ತಾರೆ. ಕಡಲೆಕಾಯಿ ಕಿತ್ತು ಹೊಲ ಬರಿದಾದ ಮೇಲೆ ಕಲ್ಲು ಆಯ್ದು, ಬೂದಿಯಲ್ಲಿ ಗೆರೆ ಎಳೆದರೆ ಅಂಕಣ ಸಿದ್ಧ. ಚೆಂಡು ಬೇಡ, ದಾಂಡು ಬೇಡ, ಬಲೆ ಬೇಡ. ಇಂಥ ಬಡವರ ಆಟ ೧೯೩೬ರಲ್ಲಿಯೇ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರ ಮೂಲಕ ಯೂರೋಪಿನ ಜನರ ಮುಂದೆ ಪ್ರದರ್ಶಿತವಾಯಿತೆಂದರೆ ಕೆಲವರು ನಂಬುವುದಿಲ್ಲ. ೧೯೫೦ರಲ್ಲಿ ಅಖಿಲ ಭಾರತ ಸಂಸ್ಥೆ ಹುಟ್ಟಿತು. ೧೯೬೧ರಲ್ಲಿ ವಿಶ್ವವಿದ್ಯಾನಿಲಯಗಳ ಕ್ರೀಡೆಗಳಲ್ಲಿ ಕಬಡ್ಡಿಗೆ ಸ್ಥಾನ ದೊರೆಯಿತು. ೧೯೯೦ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡೆಗಳಲ್ಲಿ ಪದಕದ ಆಟವಾಯಿತು. ಕಾಲೇಜಿನ ಕಬಡ್ಡಿ ಕಾಸಿನ ಕಬಡ್ಡಿಗಿಂತ ಅರ್ಧ ಶತಮಾನ ಹಿರಿಯದೆಂಬುದನ್ನು ಇಲ್ಲಿ ಗಮನಿಸಬೇಕು.

ಆಟದ ಕ್ರಮವನ್ನು ಅರಿಯದ ಅಧ್ಯಾಪಕ ಮಹಾಶಯರಿಗಾಗಿ ಎರಡು ಮಾತು. ಗಂಡಸರ ಅಂಕಣ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಒಂದೊಂದು ಪಕ್ಷದಲ್ಲಿ ಏಳು ಮಂದಿ. ಒಬ್ಬನು 'ಕಬಡ್ಡಿ, ಕಬಡ್ಡಿ' ಎಂದು ಉಸಿರು ಬಿಡದೆ ಎದುರಾಳಿಗಳ ಪಾಳೆಯಕ್ಕೆ ನುಗ್ಗಿ, ಮುಟ್ಟಿದಷ್ಟು ಮಂದಿಯನ್ನು ಹೊರಗೆ ಹಾಕಿ, ಮೂವತ್ತು ಸೆಕೆಂಡುಗಳೊಳಗೆ ನಡುಗೆರೆಗೆ ಹಿಂದಿರುಗಬೇಕು. ಅವನು ಹಿಂದಿರುಗದಂತೆ ಹಿಡಿದು ನಿಲ್ಲಿಸುವುದು ಉಳಿದವರ ಕೆಲಸ. ಹೊರಗೆ ಹೋದವನು ತನ್ನ ಪಕ್ಷ ಗಳಿಸಿದ ಅಂಕದಿಂದ ಮತ್ತೆ ಜೀವ ಪಡೆಯುತ್ತಾನೆ. ಏಳು ಮಂದಿಯೂ ಹೊರಬಿದ್ದರೆ ಎದುರು ಪಕ್ಷಕ್ಕೆ ಎರಡು ಅಂಕ ಹೆಚ್ಚು. ಇಷ್ಟೇ ಆಟ. ಆದರೆ ದಾಳಿಗಾರನು ಕಾಲು ಚಾಚಿದ ಕ್ಷಣದಲ್ಲಿ ಮೂಲೆಯವನು ಅವನ ಹಿಮ್ಮಡಿಗೆ ಬೀಳಬೇಕೇ, ಬೇಡವೇ ಎಂದು ಕಣ್ಣು ಮಿಟುಕಿಸುವುದರೊಳಗೆ ನಿಶ್ಚಯಿಸಬೇಕಲ್ಲ, ಅದನ್ನು ಯಾವ ನಿಯಮಪುಸ್ತಕವೂ ಕಲಿಸಲಾರದು.

ಇನ್ನು ಕಾಸಿನ ಕಬಡ್ಡಿ. ಪ್ರೊ ಕಬಡ್ಡಿ ಲೀಗ್ ಆರಂಭವಾದದ್ದು ೨೦೧೪ರ ಜುಲೈ ೨೬ರಂದು, ಎಂಟು ತಂಡಗಳೊಡನೆ. ೨೦೧೭ರಲ್ಲಿ ಅವು ಹನ್ನೆರಡಾದವು. ಮೊದಲ ಹರಾಜಿನಲ್ಲಿ ಅತ್ಯಂತ ಹೆಚ್ಚಿನ ಬೆಲೆಗೆ ಹೋದ ರಾಕೇಶ್ ಕುಮಾರ್‌ಗೆ ಪಟ್ನಾ ತಂಡ ಕೊಟ್ಟದ್ದು ಹನ್ನೆರಡು ಲಕ್ಷ ಎಂಬತ್ತು ಸಾವಿರ ರೂಪಾಯಿ. ನಾಲ್ಕೇ ವರ್ಷಗಳಲ್ಲಿ, ೨೦೧೮ರಲ್ಲಿ, ಮೋನು ಗೋಯತ್ ಒಂದೂವರೆ ಕೋಟಿಗೆ ಹೋದನು. ಅದಕ್ಕೆ ಮುಂಚೆ ಒಳ್ಳೆಯ ಆಟಗಾರನ ಪರಮ ಗುರಿಯೆಂದರೆ ರೈಲ್ವೆ, ಪೊಲೀಸ್ ಅಥವಾ ಬ್ಯಾಂಕಿನಲ್ಲಿ ಒಂದು ಉದ್ಯೋಗ. ಹಳ್ಳಿಯ ಹುಡುಗನ ತೊಡೆಗೆ ಕೋಟಿ ರೂಪಾಯಿ ಬೆಲೆ ಕಟ್ಟಿದ್ದನ್ನು ನಾನಂತೂ ಆಕ್ಷೇಪಿಸುವುದಿಲ್ಲ. ಕ್ರಿಕೆಟ್ಟಿನವರಿಗೆ ಸಲ್ಲುವುದು ಇವರಿಗೇಕೆ ಸಲ್ಲಬಾರದು?

ಆ ಲೀಗಿನಲ್ಲಿ ನಾನು ಮರೆಯಲಾರದ ಪಂದ್ಯ ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ನಡೆದ ಆರನೆಯ ಆವೃತ್ತಿಯ ಅಂತಿಮ ಪಂದ್ಯ. ನಾನಾಗ ಪ್ರೌಢಶಾಲೆಯ ಹುಡುಗ. ಊರಿನ ಒಂದು ಮನೆಯ ಪಡಸಾಲೆಯಲ್ಲಿ, ಟೆಲಿವಿಷನ್ ಮುಂದೆ, ಕಾಲು ಚಾಚಲು ಸ್ಥಳವಿಲ್ಲದಷ್ಟು ಮಂದಿ. ಅರ್ಧ ಆಟ ಮುಗಿದಾಗ ಗುಜರಾತ್ ಹದಿನಾರು, ನಮ್ಮ ಬೆಂಗಳೂರು ಬುಲ್ಸ್ ಬರೀ ಒಂಬತ್ತು. ಇಬ್ಬರು ಹಿರಿಯರು ಬೀಡಿ ಹಚ್ಚಿಕೊಂಡು ಎದ್ದುಹೋದರು. ಅನಂತರ ಪವನ್ ಸೆಹ್ರಾವತ್ ಎಂಬ ಆ ತೆಳ್ಳನೆಯ ದಾಳಿಗಾರ ಹಿಡಿಯಲು ಬಂದವರ ತಲೆಯ ಮೇಲಿಂದ ಹಾರಿದನೋ, ಕೈಗಳ ಕೆಳಗಿಂದ ನುಸುಳಿದನೋ, ಇಂದಿಗೂ ಊರಿನಲ್ಲಿ ಚರ್ಚೆ ಇದೆ. ಅವನೊಬ್ಬನೇ ದಾಳಿಯಿಂದ ಇಪ್ಪತ್ತೆರಡು ಅಂಕ ತಂದನು; ೩೮–೩೩ರಿಂದ ಬೆಂಗಳೂರು ಗೆದ್ದಿತು. ಎದ್ದುಹೋದ ಇಬ್ಬರೂ ತಾವು ಪಂದ್ಯವನ್ನು ಪೂರ್ತಿ ನೋಡಿದೆವೆಂದೇ ಇಂದಿಗೂ ಹೇಳುತ್ತಾರೆ.

ಆದರೆ ಇದೇ ಪವನ್ ೨೦೨೨ರಲ್ಲಿ ಎರಡು ಕೋಟಿ ಇಪ್ಪತ್ತಾರು ಲಕ್ಷಕ್ಕೆ ತಮಿಳು ತಂಡಕ್ಕೆ ಹೋದನು. ಮರುವರ್ಷ ಎರಡು ಕೋಟಿ ಅರವತ್ತು ಲಕ್ಷವನ್ನೂ ಮೀರಿದ ಬೆಲೆಗೆ ತೆಲುಗು ತಂಡಕ್ಕೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ದುಡಿಯುವ ಕಾಲ ಚಿಕ್ಕದು, ಮೊಣಕಾಲಿಗೆ ಭರವಸೆಯಿಲ್ಲ. ಸಿಟ್ಟಿರುವುದು ಅಭಿಮಾನಿಯನ್ನು ಲೆಕ್ಕಕ್ಕೇ ಇಡದ ಏರ್ಪಾಡಿನ ಮೇಲೆ. ೨೦೧೭ರಲ್ಲಿ ಬೆಂಗಳೂರು ತಂಡ ತನ್ನ 'ತವರಿನ' ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ! ೨೦೨೧–೨೨ರಲ್ಲಿ ಇಡೀ ಲೀಗ್ ಬೆಂಗಳೂರಿನಲ್ಲಿಯೇ ನಡೆಯಿತು, ಆದರೆ ಸಾಂಕ್ರಾಮಿಕದ ಕಾರಣ ವೈಟ್‌ಫೀಲ್ಡಿನ ಹೋಟೆಲೊಂದರೊಳಗೆ, ಪ್ರೇಕ್ಷಕರಿಲ್ಲದೆ. ೨೦೨೪ರಲ್ಲಿ ಆಡಿದ ಇಪ್ಪತ್ತೆರಡು ಪಂದ್ಯಗಳಲ್ಲಿ ಬುಲ್ಸ್ ಗೆದ್ದದ್ದು ಎರಡು, ಸ್ಥಾನ ಕಟ್ಟಕಡೆಯದು. ಇತ್ತ ನಮ್ಮ ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಅವರು ತರಬೇತುದಾರರಾಗಿ ೨೦೧೯ರಲ್ಲಿ ಬಂಗಾಳವನ್ನೂ ೨೦೨೪ರ ಮಾರ್ಚಿಯಲ್ಲಿ ಪುಣೆಯನ್ನೂ ಗೆಲ್ಲಿಸಿದ್ದರು. ೨೦೨೫ರ ಆವೃತ್ತಿಗೆ ಬೆಂಗಳೂರಿನವರು ಅವರನ್ನೇ ತಂದುಕೊಂಡರು. ಮನೆಯ ಹಿತ್ತಲ ಗಿಡ ಮದ್ದೆಂದು ತಿಳಿಯಲು ಇಷ್ಟು ಕಾಲ ಹಿಡಿಯಿತು.

ಲೀಗಿನ ನಿಯಮಗಳಲ್ಲಿ ನನಗೆ ಮೆಚ್ಚಿಗೆಯಾದದ್ದು ಮೂರನೆಯ ದಾಳಿಯ ನಿಯಮ. ಎರಡು ಬಾರಿ ಬರಿಗೈಯಲ್ಲಿ ಬಂದರೆ ಮೂರನೆಯ ಬಾರಿ ಅಂಕ ತರಲೇಬೇಕು, ಇಲ್ಲವಾದರೆ ಔಟು. ನಮ್ಮೂರ ಪಂದ್ಯಗಳಲ್ಲಿ ಎರಡು ಅಂಕ ಮುಂದಿದ್ದ ತಂಡದವರು ಬಾಕ್ ಗೆರೆ ಮುಟ್ಟಿ ಸುಮ್ಮನೆ ಹಿಂದಿರುಗುತ್ತ ಹತ್ತು ನಿಮಿಷ ಕಳೆಯುತ್ತಿದ್ದುದನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಮೆಚ್ಚದಿರುವುದು ಪದೇ ಪದೇ ಆಟ ನಿಲ್ಲಿಸಿ, ಮುಟ್ಟಿದ್ದನ್ನು ನಾಲ್ಕು ಕೋನಗಳಿಂದ ತೋರಿಸುವ ಪರೀಕ್ಷೆ. ನ್ಯಾಯ ದೊರೆಯುತ್ತದೆ, ನಿಜ. ಆದರೆ ಪ್ರೇಕ್ಷಕನ ಉಸಿರು ಅಷ್ಟರಲ್ಲಿ ಆರಿಹೋಗಿರುತ್ತದೆ.

ಕಾಲೇಜಿನ ಕಬಡ್ಡಿಯಲ್ಲಿ ಹರಾಜಿಲ್ಲ. ಆಟಗಾರ ಮೂರು ವರ್ಷ ಒಂದೇ ಬನಿಯನ್ ತೊಡುತ್ತಾನೆ. ಪರೀಕ್ಷೆಯಲ್ಲಿ ನಪಾಸಾದರೆ ಇನ್ನೂ ಒಂದು ವರ್ಷ ತೊಡಬಹುದೆಂದು ತಮಾಷೆ ಮಾಡುವವರೂ ಇದ್ದಾರೆ. ದಾಳಿಗೆ ಹೋಗುವವನ ಹೆಸರು, ಅವನ ಊರು, ಅವನ ತಂದೆಯ ಹೊಲದಲ್ಲಿ ಬಿದ್ದ ಮಳೆ, ಎಲ್ಲವೂ ಕೂಗುವವರಿಗೆ ಗೊತ್ತು. ನನಗೆ ಈ ಆಟವೇ ಹೆಚ್ಚು ಪ್ರಿಯ. ಆದರೆ ಪ್ರೀತಿಯಿಂದ ಕುರುಡಾಗಬಾರದು. ನಮ್ಮ ಹುಡುಗರು ಕಲಿಯುವುದು ಬರಿಗಾಲಿನಲ್ಲಿ, ಮಣ್ಣಿನ ಮೇಲೆ. ಮೇಲಿನ ಪಂದ್ಯಗಳು ನಡೆಯುವುದು ಮ್ಯಾಟಿನ ಮೇಲೆ, ಬೂಟು ತೊಟ್ಟು. ಮಣ್ಣು ಪಾದಕ್ಕೆ ಸ್ವಲ್ಪ ಜಾಗ ಬಿಡುತ್ತದೆ. ಕಾಲ್ಬೆರಳು ಊರಿ ತಿರುಗಬಹುದು, ಜಾರಿ ತಪ್ಪಿಸಿಕೊಳ್ಳಬಹುದು. ಮ್ಯಾಟು ಬೂಟನ್ನು ಬಿಗಿಯಾಗಿ ಹಿಡಿಯುತ್ತದೆ. ತಿರುಗುವ ವೇಗ ಹೆಚ್ಚು, ಅಭ್ಯಾಸವಿಲ್ಲದವನ ಮೊಣಕಾಲು ಉಳುಕುವುದೂ ಹೆಚ್ಚು. ಮಣ್ಣಿನಲ್ಲಿ ಭುಜದಿಂದ ನೂಕಿದರೆ ಹೊರಗೆ ಹೋಗುವವನು ಮ್ಯಾಟಿನ ಮೇಲೆ ಊರಿಕೊಂಡು ನಿಲ್ಲುತ್ತಾನೆ. ನಮ್ಮ ಸೀಮೆಯ ಒಬ್ಬ ಮೂಲೆ ಆಟಗಾರ, ಊರಿನಲ್ಲಿ ಯಾರನ್ನೂ ತಪ್ಪಿಸಿಕೊಂಡು ಹೋಗಗೊಡದವನು, ಮೊದಲ ಸಲ ಮ್ಯಾಟಿಗೆ ಇಳಿದ ದಿನ ಬೇರೆಯವರ ಬೂಟನ್ನು ಎರವಲು ತೊಟ್ಟಿದ್ದ. ಒಂದು ಹಿಡಿತವೂ ಕೂಡಲಿಲ್ಲ. ಆಯ್ಕೆಯಾಗಲಿಲ್ಲ. ಎರಡನೆಯ ವರ್ಷದ ಪರೀಕ್ಷೆಗೆ ಮುಂಚೆಯೇ ಕಾಲೇಜು ಬಿಟ್ಟು ಬೆಂಗಳೂರಿಗೆ ದುಡಿಯಲು ಹೋದ. ಅವನಿಗೆ ವಿದ್ಯೆ ಇರಲಿಲ್ಲವೆಂದು ನಾನು ಒಪ್ಪುವುದಿಲ್ಲ. ಕರಾವಳಿಯ ಕಡೆ ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಆಟಗಾರರಿಗೆ ಊಟ, ವಸತಿ, ಮ್ಯಾಟು ಎಲ್ಲವನ್ನೂ ಕೊಟ್ಟು ಓದಿಸುತ್ತವೆ. ಮಂಗಳೂರು ಸೀಮೆಯಿಂದ ಅಷ್ಟು ಮಂದಿ ಲೀಗಿಗೆ ಹೋದದ್ದಕ್ಕೆ ಬರೀ ಮೀನೂಟವೇ ಕಾರಣವಲ್ಲ.

ಹುಡುಗಿಯರ ವಿಷಯದಲ್ಲಿ ಕಾಸಿನ ಕಬಡ್ಡಿ ನಡೆದುಕೊಂಡ ರೀತಿ ಮಾತ್ರ ನನಗೆ ಸಹಿಸುವುದಿಲ್ಲ. ೨೦೧೬ರಲ್ಲಿ ಮೂರು ಮಹಿಳಾ ತಂಡಗಳ ಪಂದ್ಯಾವಳಿಯೊಂದನ್ನು ಲೀಗಿನ ಜೊತೆಯಲ್ಲಿಯೇ ನಡೆಸಿದರು. ಅಂತಿಮ ಪಂದ್ಯದ ಎರಡೂ ತಂಡಗಳ ನಾಯಕಿಯರು ಕರ್ನಾಟಕದವರು: ತೇಜಸ್ವಿನಿ ಬಾಯಿ ಮತ್ತು ಕಾರ್ಕಳದ ಕಡೆಯ ಮಮತಾ ಪೂಜಾರಿ. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ೨೦೧೦ ಮತ್ತು ೨೦೧೪ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದವರು. ತೇಜಸ್ವಿನಿಯವರ ತಂಡ ೨೪–೨೩ರಿಂದ, ಒಂದೇ ಅಂಕದಿಂದ, ಗೆದ್ದಿತು. ಅದಕ್ಕಿಂತ ಬಿಗಿಯಾದ ಪಂದ್ಯ ಬೇಕೇ? ಮರುವರ್ಷ ಆ ಪಂದ್ಯಾವಳಿಯೇ ಇರಲಿಲ್ಲ. ನಮ್ಮ ಕಾಲೇಜಿನ ಹುಡುಗಿಯರಿಗೆ ಕಾಲೇಜಿನ ಕಬಡ್ಡಿಯೇ ಇನ್ನೂ ದೊಡ್ಡ ಬಾಗಿಲು. ಅದರ ಆಚೆ ಇರುವುದು ಹಿಂದಿನಂತೆ ರೈಲ್ವೆ, ಪೊಲೀಸ್ ಉದ್ಯೋಗ.

ಆದುದರಿಂದ ನನ್ನದೊಂದು ಸಲಹೆ. ಮ್ಯಾಟು ಚೌಕ ತುಂಡುಗಳಲ್ಲಿ ಬರುತ್ತದೆ. ಹಲ್ಲಿಗೆ ಹಲ್ಲು ಸೇರಿಸಿ ಹಾಸಿ, ಮತ್ತೆ ಬಿಚ್ಚಿ, ಒಂದು ಟೆಂಪೋದಲ್ಲಿ ಸಾಗಿಸಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ಒಂದೊಂದು ಕೊಳ್ಳಲಾರದಿದ್ದರೆ ಎಲ್ಲರೂ ಕೂಡಿ ಒಂದನ್ನು ಕೊಂಡು, ಸರದಿಯ ಮೇಲೆ ತಿಂಗಳಿಗೊಂದು ವಾರ ಇಟ್ಟುಕೊಳ್ಳಲಿ. ಮಳೆ ಬಂದರೆ ಸಭಾಂಗಣದ ಬೆಂಚುಗಳನ್ನು ಸರಿಸಿ ಅಲ್ಲಿಯೇ ಹಾಸಬಹುದು. ಬೆಂಚು ಹೊರಲು ನಮ್ಮಂಥ ಕೂಗುವವರು ಸಿದ್ಧರಿದ್ದೇವೆ. ಬೂಟುಗಳನ್ನೂ ಕಾಲೇಜೇ ಇಟ್ಟುಕೊಳ್ಳಬೇಕು, ಅಳತೆಗೆ ಎರಡೆರಡು ಜೊತೆಯಾದರೂ. ಸರದಿ ಹಾಕುವಾಗ ಹುಡುಗಿಯರಿಗೆ ಬೆಳಗಿನ ಹೊತ್ತನ್ನು ಬಿಟ್ಟುಕೊಡುವುದು ಒಳ್ಳೆಯದು. ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಅವರಿಗೆ ಊರಿಗೆ ಬೇರೆ ಬಸ್ಸಿಲ್ಲ.