ಮೋಟಾರುಗಾಡಿಯ ಗವಾಕ್ಷವೂ ಅದರ ಸ್ಮೃತಿಯೂ

ಗವಾಕ್ಷವೆಂದರೆ ಗೋವಿನ ಕಣ್ಣು. ಗಾಳಿ ಬೆಳಕುಗಳನ್ನು ಒಳಕ್ಕೆ ಬಿಡುವ ಕಿಟಕಿಗೆ ಪೂರ್ವಿಕರಿಟ್ಟ ಸೊಗಸಾದ ಹೆಸರಿದು. ವಿದ್ಯುಚ್ಛಕ್ತಿಯಿಂದ ನಡೆಯುವ ಇಂದಿನ ಮೋಟಾರುಗಾಡಿಯ ಗವಾಕ್ಷಕ್ಕಾದರೋ ಸ್ಮೃತಿಯೂ ಉಂಟು. ಸ್ಮೃತಿಯುಳ್ಳದ್ದಕ್ಕೆ ವಿಸ್ಮೃತಿಯೂ ತಪ್ಪದು. ಗೃಹಸ್ಥರಾದ ವಾಚಕರು ಇದನ್ನರಿತಿರುವುದು ಮಕ್ಕಳ ಕ್ಷೇಮಕ್ಕೆ ಅವಶ್ಯವೆಂದೆಣಿಸಿ ನಾವು ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆವು.

ಗುಂಡಿಯನ್ನು ಒಮ್ಮೆ ಎಳೆದು ಬಿಟ್ಟರೆ ಗಾಜು ತಾನಾಗಿಯೇ ತುದಿಯವರೆಗೆ ಏರುವ ಗಾಡಿಗಳಲ್ಲಿ, ಬಾಗಿಲೊಳಗಿನ ಯಂತ್ರದ ಸುತ್ತುಗಳನ್ನು ಒಂದು ನಿಯಂತ್ರಕವು ಎಣಿಸುತ್ತಿರುವುದು. ಮೇಲಿನ ಅಂಚು ಎಲ್ಲಿದೆಯೆಂಬುದು ಅದರ ನೆನಪಿನಲ್ಲಿರುವುದು. ಅಂಚನ್ನು ಮುಟ್ಟುವ ಮುನ್ನವೇ ಸುತ್ತು ಮಂದವಾದರೆ, ನಡುವೆ ಏನೋ ಸಿಕ್ಕಿದೆಯೆಂದು ಗ್ರಹಿಸಿ ಗಾಜನ್ನು ಕೆಳಗಿಳಿಸುವುದು. ಇಂತಹ ರಕ್ಷಣೆಗೆ ಅಮೆರಿಕ ದೇಶದ ನಿಯಮವು ವಿಧಿಸಿರುವ ಮಿತಿ 100 ನ್ಯೂಟನ್, ಅಂದರೆ ಸುಮಾರು 10 ಕಿಲೋಗ್ರಾಂ ಭಾರ. ಒತ್ತಡವು ಅಷ್ಟಕ್ಕೇರುವ ಮೊದಲೇ ಗಾಜು ಹಿಂದಿರುಗತಕ್ಕದ್ದು.

ಬ್ಯಾಟರಿಯನ್ನು ಕಳಚಿದಾಗ, ಅಥವಾ ಅದು ಪೂರ್ತಿ ಬರಿದಾದಾಗ, ಅನೇಕ ಗಾಡಿಗಳಲ್ಲಿ ಈ ನೆನಪು ಅಳಿದುಹೋಗುವುದು. ಆಗ ಗಾಜು ಗುಂಡಿಯನ್ನು ಹಿಡಿದಿರುವಷ್ಟು ಹೊತ್ತು ಮಾತ್ರ ಚಲಿಸುವುದು; ಇಲ್ಲವೆ ಮುಚ್ಚಿದೊಡನೆ ಮರಳಿ ಇಳಿಯುವುದು. ಇದನ್ನು ಕಂಡು ಹೊಸ ಯಂತ್ರವನ್ನೇ ಕೊಳ್ಳಹೊರಡುವುದು ನೆಗಡಿಗಾಗಿ ಮೂಗನ್ನು ಕೊಯ್ದಂತೆ.

ಮೊದಲು ದೋಷವನ್ನು ವಿಂಗಡಿಸಬೇಕು. ಎಲ್ಲ ಗಾಜುಗಳೂ ನಿಂತರೆ ಫ್ಯೂಸನ್ನು ನೋಡತಕ್ಕದ್ದು. ಚಾಲಕನದು ಮಾತ್ರ ಚಲಿಸಿ ಉಳಿದವು ನಿಂತರೆ, ಅವನ ಬಳಿಯ ತಡೆಗುಂಡಿಯನ್ನು ಯಾರಾದರೂ ಒತ್ತಿರಬಹುದು. ಯಂತ್ರದ ಸದ್ದು ಕೇಳಿಯೂ ಗಾಜು ಅಲುಗದಿದ್ದರೆ ಒಳಗಿನ ಎಳೆತಂತಿಯೋ ಹಲ್ಲುಚಕ್ರವೋ ಮುರಿದಿದ್ದೀತು. ಅದು ಕುಶಲಕರ್ಮಿಯ ಕೆಲಸ. ಏರುವಿಕೆ ನಿಧಾನವಾದರೆ ರಬ್ಬರು ಕಾಲುವೆಯ ಧೂಳನ್ನು ಒರೆಸಿ ಸಿಲಿಕೋನ್ ಲೇಪವನ್ನು ಹಚ್ಚಬೇಕು. ಇಂಜಿನ್ ಎಣ್ಣೆಯು ರಬ್ಬರನ್ನು ಕೆಡಿಸುವುದು.

ಅಳಿದ ನೆನಪನ್ನು ಮರಳಿ ಕಲಿಸುವ ಸಾಮಾನ್ಯ ಕ್ರಮವಿದು: ಮಕ್ಕಳನ್ನು ಕೆಳಗಿಳಿಸಿ, ಬಾಗಿಲುಗಳನ್ನು ಮುಚ್ಚಿ, ಗಾಡಿಯ ವಿದ್ಯುತ್ತನ್ನು ಚಾಲೂ ಮಾಡಬೇಕು. ಗಾಜನ್ನು ಪೂರ್ತಿ ಇಳಿಸಿ, ಬಳಿಕ ಗುಂಡಿಯನ್ನು ಎಳೆದು ಹಿಡಿದೇ ಪೂರ್ತಿ ಏರಿಸಬೇಕು. ಮುಚ್ಚಿದ ಮೇಲೂ ಕೆಲವು ಸೆಕೆಂಡುಗಳ ಕಾಲ ಗುಂಡಿಯನ್ನು ಬಿಡಬಾರದು. ಇಂತಹ ಏರ್ಪಾಡುಳ್ಳ ಪ್ರತಿಯೊಂದು ಕಿಟಕಿಗೂ ಹೀಗೆಯೇ ಮಾಡತಕ್ಕದ್ದು. ಗಾಡಿಯಿಂದ ಗಾಡಿಗೆ ಕ್ರಮಭೇದವಿರುವುದರಿಂದ, ಗಾಡಿಯೊಡನೆ ಬಂದ ಕೈಪಿಡಿಯೇ ಇಲ್ಲಿ ಪ್ರಮಾಣ.

ಇದು ಕೇವಲ ಸೌಕರ್ಯದ ಮಾತೆಂದು ಮುಂದೂಡಬಾರದು. ನೆನಪಳಿದ ಗವಾಕ್ಷಕ್ಕೆ ಮೇಲಿನ ಅಂಚಾವುದು, ಮಗುವಿನ ಬೆರಳಾವುದು ಎಂಬ ವಿವೇಕವು ಇರಲಾರದು. ಇದಕ್ಕಿಂತಲೂ ಮುಖ್ಯವಾದುದೊಂದುಂಟು. ನಮ್ಮ ದೇಶದಲ್ಲಿ ಮಾರಾಟವಾಗುವ ಅನೇಕ ಗಾಡಿಗಳಲ್ಲಿ ಈ ರಕ್ಷಣೆಯು ಚಾಲಕನ ಕಿಟಕಿಗೆ ಮಾತ್ರವೇ ಇರುವುದು. ಮಕ್ಕಳು ಕುಳಿತು ಕೈ ಚಾಚುವ ಹಿಂದಿನ ಕಿಟಕಿಗಳಿಗೆ ಅದು ಇಲ್ಲವೇ ಇಲ್ಲ. ತಮ್ಮ ಗಾಡಿಯಲ್ಲಿ ಯಾವ ಯಾವ ಕಿಟಕಿಗೆ ರಕ್ಷಣೆಯುಂಟೆಂಬುದನ್ನು ವಾಚಕರು ಕೈಪಿಡಿಯನ್ನು ತೆರೆದು ಇಂದೇ ತಿಳಿದುಕೊಳ್ಳಲಿ. ಕೈಯಿಟ್ಟು ಪರೀಕ್ಷಿಸುವ ಸಾಹಸ ಬೇಡ. ರಕ್ಷಣೆಯುಳ್ಳ ಕಡೆಯಲ್ಲಿಯೂ ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಅದು ಕೆಲಸಮಾಡದೆ ಇರಬಹುದು. ಆದಕಾರಣ ಹಿಂದೆ ಮಕ್ಕಳಿರುವಾಗ ತಡೆಗುಂಡಿಯನ್ನು ಒತ್ತಿಡಬೇಕು. ತಿರುಗಿ ನೋಡಿದ ಮೇಲೆಯೇ ಗಾಜನ್ನು ಏರಿಸಬೇಕು. ಇಳಿದು ಹೋಗುವಾಗ ಕೀಲಿಯನ್ನೂ ಮಕ್ಕಳನ್ನೂ ಗಾಡಿಯಲ್ಲಿ ಬಿಡದೆ ಕರೆದೊಯ್ಯಬೇಕು.